ಹುಣ್ಣು ಮಾಯ್ದ ಮೇಲೆ

ಸ್ವೀಡನ್ ದೇಶದ ದಕ್ಷಿಣದ ಅಂಚಿನಲ್ಲಿ ಲುಂಡ್ ಎಂಬ ಹಳೆಯ ವಿದ್ಯಾಪಟ್ಟಣವೊಂದಿದೆ. 1666ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದಿಂದ ಹೆಸರಾದ ಆ ಊರಿನ ಆಸ್ಪತ್ರೆಯಲ್ಲಿ, ಕಳೆದ ಶತಮಾನದ ಎಂಬತ್ತರ ದಶಕದಲ್ಲಿ, ಯಾನ್ ಅಪೆಲ್‌ಕ್ವಿಸ್ಟ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಸಾಮಾನ್ಯವಾಗಿ ಆಸ್ಪತ್ರೆಗಳು ಮಾಡದಿರುವ ಒಂದು ಕೆಲಸಕ್ಕೆ ಕೈಹಾಕಿದರು. ಮಧುಮೇಹದಿಂದ ಪಾದದಲ್ಲಿ ಹುಣ್ಣಾಗಿ ಬಂದವರಿಗೆ ಚಿಕಿತ್ಸೆ ನೀಡಿ, ಹುಣ್ಣು ಮಾಯ್ದು, ಪಟ್ಟಿ ಬಿಚ್ಚಿ, ಮನೆಗೆ ಕಳುಹಿಸಿಕೊಟ್ಟೊಡನೆ ಅವರ ಕಡತವನ್ನು ಕಟ್ಟಿ ಮೇಲಿಡದೆ, ಆ ರೋಗಿಗಳ ಪಾದಗಳಿಗೆ ಮುಂದಿನ ವರ್ಷಗಳಲ್ಲಿ ಏನಾಯಿತು ಎಂಬುದನ್ನು ತಾಳ್ಮೆಯಿಂದ ನೋಡುತ್ತ ಹೋದರು. ಐನೂರಕ್ಕೂ ಮಿಕ್ಕ ರೋಗಿಗಳನ್ನು ಹೀಗೆ ಅನುಸರಿಸಿದ ಆ ಅಧ್ಯಯನದ ವರದಿ 1993ರಲ್ಲಿ ಪ್ರಕಟವಾಯಿತು. ಗುಣವಾಯಿತೆಂದು ಮನೆಗೆ ಹೋದವರಲ್ಲಿ ನೂರಕ್ಕೆ 34 ಮಂದಿಗೆ ಒಂದು ವರ್ಷದೊಳಗೆ ಹೊಸ ಹುಣ್ಣಾಗಿತ್ತು; ಮೂರು ವರ್ಷ ಕಳೆಯುವಷ್ಟರಲ್ಲಿ ಆ ಸಂಖ್ಯೆ 61ಕ್ಕೂ, ಐದು ವರ್ಷ ಕಳೆಯುವಷ್ಟರಲ್ಲಿ 70ಕ್ಕೂ ಏರಿತ್ತು.

ಇದನ್ನು ಓದಿದವರು ಲುಂಡ್‌ನ ವೈದ್ಯರು ಅಸಮರ್ಥರಾಗಿದ್ದರೆಂದು ಭಾವಿಸಬಾರದು. ಪಾದರಕ್ಷಣೆಯ ವಿಷಯದಲ್ಲಿ ಅಂದಿಗೂ ಇಂದಿಗೂ ಜಗತ್ತಿನ ಶ್ರೇಷ್ಠ ಕೇಂದ್ರಗಳಲ್ಲಿ ಅದು ಒಂದು. ಅಲ್ಲಿನ ಪರಿಸ್ಥಿತಿಯೇ ಹೀಗೆಂದಮೇಲೆ ಇತರೆಡೆಯದನ್ನು ಊಹಿಸಬಹುದು. ಅನಂತರ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ, ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವ ಸಂಭವ ನೂರಕ್ಕೆ 40ರಷ್ಟೆಂದೂ, ಮೂರು ವರ್ಷಗಳಲ್ಲಿ 60ರ ಸುತ್ತಮುತ್ತ ಎಂದೂ ಕಂಡುಬಂದಿದೆ. ಮಧುಮೇಹಿಗಳಲ್ಲಿ ಹೆಚ್ಚುಕಡಮೆ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಬಾಳಿನ ಯಾವುದೋ ಒಂದು ಹಂತದಲ್ಲಿ ಪಾದದ ಹುಣ್ಣನ್ನು ಕಾಣುತ್ತಾರೆ ಎಂಬ ಲೆಕ್ಕವನ್ನೂ, ಭಾರತದಲ್ಲಿ ಈಗ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದುದನ್ನೂ ಜೊತೆಗಿಟ್ಟು ನೋಡಿದರೆ, ವಿಷಯದ ಗಾತ್ರ ತಾನಾಗಿಯೇ ಗೋಚರಿಸುತ್ತದೆ.

ಹುಣ್ಣು ಏಕೆ ಮರಳಿ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ, ಅದು ಮೊದಲು ಏಕೆ ಬಂತು ಎಂಬಲ್ಲಿಂದ ಹೊರಡಬೇಕು. ಸಕ್ಕರೆ ಕಾಯಿಲೆ ಬಹುಕಾಲ ದೇಹದಲ್ಲಿ ನೆಲಸಿದಾಗ ಅದರ ಪೆಟ್ಟು ಮೊದಲು ಬೀಳುವುದು ಅತಿ ಉದ್ದವಾದ ನರಗಳ ತುದಿಗೆ, ಎಂದರೆ ಬೆನ್ನಿನ ಬುಡದಿಂದ ಹೊರಟು ಕಾಲ್ಬೆರಳವರೆಗೆ ಸಾಗುವ ನರಗಳಿಗೆ. ಮೊದಮೊದಲು ಅಂಗಾಲು ಉರಿಯುತ್ತದೆ, ಜೋಮು ಹಿಡಿದಂತಾಗುತ್ತದೆ, ರಾತ್ರಿಯ ವೇಳೆ ಇರುವೆ ಹರಿದಂತಾಗುತ್ತದೆ. ಸಕ್ಕರೆ ಕಾಯಿಲೆಯೂ ಸೇರಿದ ಪ್ರಮೇಹದ ಪೂರ್ವಲಕ್ಷಣಗಳನ್ನು ಹೇಳುವಲ್ಲಿ ಸುಶ್ರುತ ಸಂಹಿತೆಯು ಅಂಗೈ ಅಂಗಾಲುಗಳ ಉರಿಯನ್ನು ಸೇರಿಸಿದೆಯೆಂಬುದನ್ನು ನೆನೆದರೆ ಆ ಪ್ರಾಚೀನರ ದೃಷ್ಟಿಯ ತೀಕ್ಷ್ಣತೆಗೆ ಬೆರಗಾಗುತ್ತದೆ. ಆದರೆ ಉರಿ ಇರುವಷ್ಟು ದಿನ ರೋಗಿ ಒಂದು ಬಗೆಯಲ್ಲಿ ಸುರಕ್ಷಿತನೇ. ಉರಿ ಅಡಗಿ, ‘ಈಗ ಕಾಲಿನದೇನೂ ತೊಂದರೆಯಿಲ್ಲ’ ಎಂದು ಅವನು ಸಮಾಧಾನಪಡುವ ದಿನ ಬಂತೆಂದರೆ, ಅನೇಕ ವೇಳೆ ಅದು ನರಗಳು ಮಾತನಾಡುವುದನ್ನೇ ನಿಲ್ಲಿಸಿದ ದಿನ.

ನೋವಿನ ಅರಿವು ಹೋಗುವುದು ಇದರ ಒಂದು ಮುಖ ಮಾತ್ರ. ಪಾದದೊಳಗಣ ಸಣ್ಣ ಸ್ನಾಯುಗಳನ್ನು ಆಳುವ ನರಗಳೂ ಕ್ಷೀಣಿಸುವುದರಿಂದ ಬೆರಳುಗಳು ಹಕ್ಕಿಯ ಉಗುರಿನಂತೆ ಬಾಗಿ ನಿಲ್ಲುತ್ತವೆ. ಅವುಗಳ ಬುಡದ ಮೂಳೆಗಳು ಅಂಗಾಲಿನ ಕಡೆಗೆ ಉಬ್ಬಿ, ದೇಹದ ಭಾರವೆಲ್ಲ ಅಂಗೈಯಗಲದ ಜಾಗದಿಂದ ಕಾಸಿನಗಲದ ಜಾಗಕ್ಕೆ ಇಳಿಯುತ್ತದೆ. ಬೆವರನ್ನು ಹರಿಸುವ ನರಗಳು ಸೋತು ಚರ್ಮ ಒಣಗಿ, ಹಿಮ್ಮಡಿ ಒಡೆಯುತ್ತದೆ. ಒತ್ತಡ ಬಿದ್ದ ಎಡೆಯಲ್ಲಿ ಚರ್ಮ ತನ್ನನ್ನು ಕಾಪಾಡಿಕೊಳ್ಳಲೆಂದು ಜಡ್ಡುಗಟ್ಟುತ್ತದೆ. ಆ ಜಡ್ಡು ತಾನೇ ಒಂದು ಕಲ್ಲಿನ ಚೂರಿನಂತೆ ಒಳಗಣ ಮೃದುವಾದ ಮಾಂಸವನ್ನು ಹೆಜ್ಜೆಹೆಜ್ಜೆಗೂ ಅರೆಯುತ್ತದೆ, ಮೇಲೆ ಏನೂ ಕಾಣದಂತೆ ಅಡಿಯಲ್ಲಿ ರಕ್ತ ಒಸರುತ್ತದೆ, ಒಂದು ದಿನ ಬಾಯಿ ಬಿಡುತ್ತದೆ. ಸ್ಪರ್ಶಜ್ಞಾನವಿದ್ದವನು ಎರಡನೆಯ ದಿನವೇ ಕುಂಟುತ್ತ ನಡೆದು ಆ ಜಾಗಕ್ಕೆ ವಿಶ್ರಾಂತಿ ಕೊಡುತ್ತಿದ್ದ. ಅದಿಲ್ಲದವನು ಸಂತೆಗೂ ಹೋಗುತ್ತಾನೆ, ಮದುವೆಗೂ ಹೋಗುತ್ತಾನೆ, ‘ನೋವೇ ಇಲ್ಲವಲ್ಲ, ಇನ್ನೇನು ಆಗಿದ್ದೀತು?’ ಎನ್ನುತ್ತಾನೆ.

ನಮ್ಮ ನಾಡಿನಲ್ಲಿ ಇದಕ್ಕೆ ಒದಗಿಬರುವ ಸಂದರ್ಭಗಳು ಒಂದೆರಡಲ್ಲ. ಗದ್ದೆಯ ಕೂಳೆಯೂ ತೋಟದ ಮುಳ್ಳೂ ಇದ್ದದ್ದೇ. ವೈಶಾಖದ ನಡುಹಗಲಿನಲ್ಲಿ ದೇವಸ್ಥಾನದ ಪ್ರಾಕಾರದ ಹಾಸುಗಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬಂದು, ಮನೆಗೆ ಬಂದಮೇಲೆ ಅಂಗಾಲು ತುಂಬ ಬೊಬ್ಬೆಗಳೆದ್ದಿರುವುದನ್ನು ಮಗಳೋ ಸೊಸೆಯೋ ತೋರಿಸಿದಾಗ ಮಾತ್ರ ತಿಳಿಯುವವರಿದ್ದಾರೆ. ಕಾಲಿನ ಜೋಮು ಹೋಗಲೆಂದು ಬಿಸಿನೀರಿನಲ್ಲಿ ಪಾದ ಮುಳುಗಿಸಿ ಕುಳಿತು, ನೀರು ಎಷ್ಟು ಬಿಸಿಯಿದೆಯೆಂದು ಅರಿಯದೆ ಬೇಯಿಸಿಕೊಂಡವರಿದ್ದಾರೆ. ಉಂಗುಟದ ಚಪ್ಪಲಿಯ ಪಟ್ಟಿ ಬೆರಳ ಸಂದಿಯನ್ನು ಕೊಯ್ಯುವುದೂ, ಊದಿದ ಬೆರಳಿಗೆ ಕಾಲುಂಗುರ ಕಚ್ಚಿಕೊಳ್ಳುವುದೂ, ನಡೆಯುತ್ತಿರುವಾಗಲೇ ಹವಾಯಿ ಚಪ್ಪಲಿ ಕಳಚಿ ಹಿಂದುಳಿದರೂ ಗೊತ್ತಾಗದೆ ಮುಂದೆ ಸಾಗುವುದೂ ಉಂಟು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವ ಅಭ್ಯಾಸವಂತೂ ಸರ್ವೇಸಾಮಾನ್ಯ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಒಂದು ಅಭ್ಯಾಸವನ್ನು ಬಿಡಿಸಲು ಸಾಧ್ಯವಾದರೆ ಯಾವ ಮುಲಾಮಿಗಿಂತಲೂ ಹೆಚ್ಚಿನ ಉಪಕಾರವಾದೀತು.

ಇದರೊಡನೆ ಸೇರಿಕೊಳ್ಳುವ ಎರಡನೆಯ ದೋಷ ರಕ್ತನಾಳಗಳದು. ಮಧುಮೇಹದಲ್ಲಿ ಧಮನಿಗಳು ಮುಖ್ಯವಾಗಿ ಮೊಣಕಾಲಿನಿಂದ ಕೆಳಗೆ ಗಡಸಾಗಿ ಕಿರಿದಾಗುತ್ತವೆ. ಸಾಮಾನ್ಯ ಮನುಷ್ಯನಿಗೆ ನಡೆಯುವಾಗ ಮೀನಖಂಡ ಹಿಡಿದುಕೊಂಡು ಎಚ್ಚರಿಕೆ ಸಿಗುತ್ತದೆ. ಮಧುಮೇಹಿಗೆ ನರ ಸತ್ತಿರುವುದರಿಂದ ಆ ಎಚ್ಚರಿಕೆಯೂ ಇಲ್ಲ. ಯೂರೋಪಿನ 10 ದೇಶಗಳ 14 ಆಸ್ಪತ್ರೆಗಳು ಸೇರಿ ಈ ಶತಮಾನದ ಆರಂಭದಲ್ಲಿ ನಡೆಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಪಾದದ ಹುಣ್ಣಿನೊಡನೆ ಬಂದವರಲ್ಲಿ ಅರ್ಧದಷ್ಟು ಮಂದಿಗೆ ರಕ್ತನಾಳದ ರೋಗವಿದ್ದುದೂ, ಅರ್ಧಕ್ಕೂ ಹೆಚ್ಚು ಮಂದಿಯ ಹುಣ್ಣಿಗೆ ಸೋಂಕು ತಗುಲಿದ್ದುದೂ ಕಂಡುಬಂತು. ಒಂದು ವರ್ಷದ ಚಿಕಿತ್ಸೆಯ ಅನಂತರ ಅವರಲ್ಲಿ ನೂರಕ್ಕೆ 77 ಮಂದಿಯ ಹುಣ್ಣು ಮಾಯ್ದಿತ್ತು. ಅಂದರೆ ಸುಸಜ್ಜಿತ ಆಸ್ಪತ್ರೆಗಳಲ್ಲಿಯೂ ನಾಲ್ವರಲ್ಲಿ ಒಬ್ಬರ ಸ್ಥಿತಿ ವರ್ಷ ತುಂಬಿದರೂ ಸರಿಹೋಗಿರಲಿಲ್ಲ.

ಇನ್ನು, ಈ ವಿಷಯದ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಅದನ್ನು ತುಸು ನಿಧಾನವಾಗಿ ಹೇಳತಕ್ಕದ್ದು. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಇಂಗ್ಲಿಷ್ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದರು. ಲಂಡನ್ನಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳೂ ಪಾದಗಳೂ ತಾವಾಗಿಯೇ ಕೊಳೆತು ಉದುರುತ್ತವೆ ಎಂಬುದು ಆಗಿನ ವೈದ್ಯಲೋಕದ ನಂಬಿಕೆಯಾಗಿತ್ತು. ಬ್ರಾಂಡರು ಒಬ್ಬೊಬ್ಬ ರೋಗಿಯ ಒಂದೊಂದು ಗಾಯದ ಮೂಲವನ್ನೂ ಪತ್ತೆದಾರನಂತೆ ಹುಡುಕುತ್ತ ಹೋಗಿ, ಆ ಮಾಂಸದಲ್ಲಿ ಸ್ವತಃ ಯಾವ ಕೇಡೂ ಇಲ್ಲವೆಂದೂ, ನೋವಿನ ಅರಿವಿಲ್ಲದೆ ದಿನನಿತ್ಯ ತಗಲುವ ಪೆಟ್ಟು, ಸುಟ್ಟಗಾಯ, ಒತ್ತಡಗಳಿಂದಲೇ ಅಂಗಗಳು ನಾಶವಾಗುತ್ತಿವೆಯೆಂದೂ ಸಾಧಿಸಿ ತೋರಿಸಿದರು. ಕೆಲವರ ಬೆರಳುಗಳು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಿರಿದಾಗಿರುತ್ತಿದ್ದುದಕ್ಕೆ ಕಾರಣ ತಿಳಿಯದೆ ಬಹಳ ದಿನ ತಲೆಕೆಡಿಸಿಕೊಂಡರು. ರಾತ್ರಿ ಕಾದು ನೋಡಿದಾಗ, ನಿದ್ರಿಸುತ್ತಿದ್ದ ರೋಗಿಯ ಬೆರಳನ್ನು ಇಲಿ ಕಡಿಯುತ್ತಿತ್ತು, ಅವನಿಗೆ ಎಚ್ಚರವೇ ಇರಲಿಲ್ಲ. ಅಂದಿನಿಂದ ಆಸ್ಪತ್ರೆ ಬಿಟ್ಟು ಹೋಗುವ ರೋಗಿಗಳ ಕೈಯಲ್ಲಿ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಪದ್ಧತಿ ಬಂತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಯುಕ್ತಿಯುಕ್ತವಾದ ಔಷಧ ಇನ್ನೊಂದಿದ್ದರೆ ನಾನು ಕೇಳಿಲ್ಲ. ಇಲಿ ಕಚ್ಚಿದ ಪಾದದೊಡನೆ ಬೆಳಗ್ಗೆ ಆಸ್ಪತ್ರೆಗೆ ಬರುವ ಮಧುಮೇಹಿಗಳನ್ನು ನಮ್ಮ ವೈದ್ಯರು ಇಂದಿಗೂ ಕಾಣುತ್ತಾರೆ.

ಅಂಗಾಲಿನ ಹುಣ್ಣಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಕಟ್ಟಿ, ಭಾರವನ್ನು ಇಡೀ ಪಾದಕ್ಕೂ ಕಾಲಿಗೂ ಹಂಚಿ, ರೋಗಿ ನಡೆದಾಡುತ್ತಿರುವಾಗಲೇ ಹುಣ್ಣನ್ನು ಮಾಯಿಸುವ ಕ್ರಮವನ್ನು ಭಾರತದಲ್ಲಿಯೂ ಸಿಂಹಳದಲ್ಲಿಯೂ ಕೆಲವು ವೈದ್ಯರು ಕುಷ್ಠರೋಗಿಗಳ ಮೇಲೆ 1930ರ ದಶಕದಲ್ಲಿಯೇ ಪ್ರಯೋಗಿಸಿದ್ದರು. ಬ್ರಾಂಡರು ಅದನ್ನು ಬೆಳೆಸಿದರು. ವೆಲ್ಲೂರಿನಲ್ಲಿಯೂ ಅದರ ಬಳಿಯ ಕರಿಗಿರಿಯಲ್ಲಿಯೂ ಗಾಳಿಗುಳ್ಳೆಗಳಿಂದ ಕೂಡಿದ ಮೆತ್ತನೆಯ ರಬ್ಬರಿನ ಅಟ್ಟೆಯಿಂದ ಚಪ್ಪಲಿ ಮಾಡುವ ಕೆಲಸ ಬೆಳೆಯಿತು; ಎಂ.ಸಿ.ಆರ್. ಚಪ್ಪಲಿ ಎಂದು ಇಂದು ಮಧುಮೇಹಿಗಳಿಗೆ ವೈದ್ಯರು ಬರೆದುಕೊಡುವ ಪಾದರಕ್ಷೆ ಅದೇ ವಂಶದ್ದು. 1966ರಲ್ಲಿ ಬ್ರಾಂಡರು ಅಮೆರಿಕದ ಲೂಯಿಸಿಯಾನಾ ಪ್ರಾಂತದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗದ ಆಸ್ಪತ್ರೆಗೆ ಹೋದರು. ಅಲ್ಲಿ ಅವರ ಮುಂದೆ ಬಂದ ಮಧುಮೇಹಿಗಳ ಪಾದಗಳಲ್ಲಿ ಅವರು ವೆಲ್ಲೂರಿನ ಹುಣ್ಣುಗಳನ್ನೇ ಕಂಡರು: ಅದೇ ಜಾಗ, ಅದೇ ಆಕಾರ, ನೋವಿಲ್ಲದ ಅದೇ ನಡಿಗೆ. ಮಧುಮೇಹಿಯ ಪಾದ ಕೆಡುವುದು ಕೇವಲ ಸಕ್ಕರೆಯಿಂದ, ರಕ್ತದ ಕೊರತೆಯಿಂದ ಎಂದು ನಂಬಿ ಕಾಲು ಕತ್ತರಿಸುವುದಕ್ಕೆ ಅವಸರಪಡುತ್ತಿದ್ದ ವೈದ್ಯರಿಗೆ, ಒತ್ತಡವನ್ನು ತೆಗೆದರೆ ಈ ಹುಣ್ಣೂ ಇತರ ಹುಣ್ಣುಗಳಂತೆ ಮಾಯುತ್ತದೆ ಎಂಬ ಪಾಠ ಹೋದುದು ಹೀಗೆ ನಮ್ಮ ಕಡೆಯ ಬಡ ರೋಗಿಗಳ ಕಾಲಿನಿಂದ.

ಪಾಠ ಸುಲಭ, ಪಾಲನೆ ಕಷ್ಟ. ಬೇಕೆಂದಾಗ ಬಿಚ್ಚಬಹುದಾದ ಚಿಕಿತ್ಸಾಪಾದರಕ್ಷೆಯನ್ನು ಹುಣ್ಣಿದ್ದ ರೋಗಿಗಳಿಗೆ ಕೊಟ್ಟು, ಅವರಿಗೆ ತಿಳಿಯದ ರೀತಿಯಲ್ಲಿ ಹೆಜ್ಜೆಗಳನ್ನು ಎಣಿಸಿದ ಅಮೆರಿಕದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ದಿನದ ನೂರು ಹೆಜ್ಜೆಗಳಲ್ಲಿ 28 ಮಾತ್ರ ಆ ಪಾದರಕ್ಷೆಯೊಡನೆ ಇಟ್ಟವಾಗಿದ್ದವು. ಉಳಿದವು ಬಹುಪಾಲು ಮನೆಯೊಳಗೆ, ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ಇಟ್ಟ ಹೆಜ್ಜೆಗಳೆಂದು ಯಾರಾದರೂ ಊಹಿಸಬಹುದು. ಹೊಸ್ತಿಲ ಹೊರಗೆ ಪಾದರಕ್ಷೆ ಬಿಡುವುದು ಸದಾಚಾರವಾಗಿರುವ ನಮ್ಮ ಮನೆಗಳಲ್ಲಿ ಈ ತೊಡಕು ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ. ಒಳಗೆ ಮಾತ್ರ ಉಪಯೋಗಿಸುವ ಬೇರೊಂದು ಜೊತೆ ಚಪ್ಪಲಿಯನ್ನು ಇಟ್ಟುಕೊಂಡರೆ ಮಡಿಗೂ ಕುಂದಿಲ್ಲ, ಕಾಲಿಗೂ ಕುಂದಿಲ್ಲ. ಆದರೂ ಅದನ್ನು ಒಪ್ಪಿಸಲು ವೈದ್ಯರು ಪಡುವ ಪ್ರಯಾಸ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಆದಮೇಲೆ ಹುಣ್ಣು ಮಾಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಬದಲಾಗಿರುವುದು ಏನು? ಚರ್ಮ ಕೂಡಿಕೊಂಡಿದೆ, ಅಷ್ಟೆ. ಸತ್ತ ನರ ಮರಳಿ ಬಂದಿಲ್ಲ. ಬಾಗಿದ ಬೆರಳು ನೆಟ್ಟಗಾಗಿಲ್ಲ. ಉಬ್ಬಿದ ಮೂಳೆ ಅದೇ ಜಾಗದಲ್ಲಿದೆ. ಧಮನಿಗಳು ಮೊದಲಿಗಿಂತ ಒಂದು ವರ್ಷ ಹಳೆಯವಾಗಿವೆ. ಕೂಡಿಕೊಂಡ ಚರ್ಮವಾದರೋ ಮೊದಲಿನ ಚರ್ಮದಷ್ಟು ಬಲವಾದುದಲ್ಲ. ಹುಣ್ಣಿಗೆ ಕಾರಣವಾದ ಯಾವತ್ತೂ ಸಂಗತಿಗಳು ಹಾಗೆಯೇ ಉಳಿದು, ಅವುಗಳ ಮೇಲೆ ಒಂದು ಗಾಯದ ಕಲೆ ಹೆಚ್ಚಾಗಿ ಸೇರಿದೆ. ಬೂದಿ ಮುಚ್ಚಿದ ಕೆಂಡದಂತಿರುವ ಈ ಸ್ಥಿತಿಯನ್ನು ರೋಗಮುಕ್ತಿಯೆಂದು ಭಾವಿಸದೆ, ಕ್ಯಾನ್ಸರ್ ವೈದ್ಯರು ತಮ್ಮ ರೋಗಿಗಳನ್ನು ಗಡ್ಡೆ ಕರಗಿದ ಮೇಲೂ ವರ್ಷಗಟ್ಟಲೆ ಕಾಯುವಂತೆ ಕಾಯತಕ್ಕದ್ದೆಂದು ಈಚಿನ ಪಾದವೈದ್ಯರು ಒತ್ತಿ ಹೇಳುತ್ತಾರೆ. ಒಮ್ಮೆ ಹುಣ್ಣಾದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬುದು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ.

ಮಾಯದೆ ಹೋದ ಹುಣ್ಣಿನ ದಾರಿ ಬೇರೆ. ಸೋಂಕು ಚರ್ಮದಿಂದ ಸ್ನಾಯುವಿಗೆ, ಸ್ನಾಯುವಿನಿಂದ ಮೂಳೆಗೆ ಇಳಿಯುತ್ತದೆ. ಮಧ್ಯಮದಿಂದ ತೀವ್ರ ಸ್ವರೂಪದ ಸೋಂಕಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಯಾವುದಾದರೊಂದು ಬಗೆಯ ಅಂಗಚ್ಛೇದ ಅನಿವಾರ್ಯವಾಗುತ್ತದೆ. ಮಧುಮೇಹಿಗಳ ಕಾಲು ಕತ್ತರಿಸಬೇಕಾಗಿ ಬಂದ ಸಂದರ್ಭಗಳನ್ನು ಹಿಂದಕ್ಕೆ ಹಿಡಿದು ನೋಡಿದರೆ, ನೂರಕ್ಕೆ 80ರಷ್ಟರಲ್ಲಿ ಆದಿಯಲ್ಲಿ ಇದ್ದುದು ಒಂದು ಸಾಮಾನ್ಯ ಹುಣ್ಣು.

ಅಂಗಚ್ಛೇದವೆಂದೊಡನೆ ಎಲ್ಲವೂ ಮುಗಿಯಿತೆಂದು ಮನೆಮಂದಿ ಗೋಳಿಡುವುದು ಸಹಜವಾದರೂ, ಅದರಲ್ಲಿ ತಾರತಮ್ಯಗಳಿವೆ. ಒಂದು ಬೆರಳನ್ನೋ ಪಾದದ ಮುಂಭಾಗವನ್ನೋ ತೆಗೆದು ಹಿಮ್ಮಡಿಯನ್ನು ಉಳಿಸಿದರೆ ಮನುಷ್ಯ ತನ್ನ ಕಾಲಿನ ಮೇಲೆಯೇ ನಿಲ್ಲುತ್ತಾನೆ. ಬಾಸ್ಟನ್ನಿನ ಮೆಕ್‌ಕಿಟ್ರಿಕ್ ಎಂಬ ಶಸ್ತ್ರವೈದ್ಯರು ಪೆನಿಸಿಲಿನ್ ಬಂದ ಹೊಸತರಲ್ಲಿ, 1949ರಲ್ಲಿ, ಪಾದದ ಮುಂಭಾಗವನ್ನು ಮಾತ್ರ ತೆಗೆಯುವ ಇಂಥ ಶಸ್ತ್ರಕ್ರಿಯೆಯನ್ನು ವಿವರಿಸಿದ ಮೇಲೆ ಎಷ್ಟೋ ಜನರ ಕಾಲು ಉಳಿಯಿತು. ಮೊಣಕಾಲಿನ ಕೆಳಗೆ ಕತ್ತರಿಸಿದರೂ ಕೃತಕ ಕಾಲಿನ ಸಹಾಯದಿಂದ ನಡೆಯಬಹುದು. ಮೊಣಕಾಲಿನ ಮೇಲೆ ಹೋದರೆ ಮುದುಕರಲ್ಲಿ ಅನೇಕರು ಮತ್ತೆ ನಡೆಯುವುದೇ ಇಲ್ಲ. ಬರಿಗಾಲಿನಲ್ಲಿ ನಡೆಯುವುದಕ್ಕೂ ನೆಲದ ಮೇಲೆ ಕುಕ್ಕರಿಸುವುದಕ್ಕೂ ಅನುಕೂಲವಾಗುವಂತೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾಕ್ಟರ್ ಪಿ. ಕೆ. ಸೇಥಿಯವರೂ ರೂಪಿಸಿದ ಜೈಪುರದ ಕಾಲು ನಮ್ಮವರ ಬಾಳಿಗೆ ಹೇಳಿಮಾಡಿಸಿದಂತಿದೆ. ಆದರೆ ಮಧುಮೇಹಿಯ ಮೋಟುಗಾಲಿಗೂ ಸ್ಪರ್ಶಜ್ಞಾನವಿಲ್ಲ, ಅಲ್ಲಿಯೂ ಹುಣ್ಣಾಗಬಹುದು ಎಂಬುದನ್ನು ಮರೆಯಲಾಗದು. ಮೇಲಾಗಿ, ಕಾಲು ಹೋದವನ ದೇಹದ ಭಾರ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ, ಆ ಕಾಲಿನಲ್ಲಿಯೂ ಅದೇ ರೋಗವಿರುತ್ತದೆ. ಲುಂಡ್‌ನ ರೋಗಿಗಳಲ್ಲಿ ಅಂಗಚ್ಛೇದದಿಂದ ಗುಣಹೊಂದಿದ್ದವರಿಗೆ ಮತ್ತೊಮ್ಮೆ ಅಂಗಚ್ಛೇದವಾಗುವ ಪ್ರಮಾಣ, ಅಂಗಚ್ಛೇದವಿಲ್ಲದೆ ಹುಣ್ಣು ಮಾಯ್ದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು.

ಈಗ ಈ ಕತೆಯ ಅತ್ಯಂತ ಕಹಿಯಾದ ಭಾಗಕ್ಕೆ ಬರುತ್ತೇನೆ. ಪಾದದ ಹುಣ್ಣಾದ ಮಧುಮೇಹಿಗಳಲ್ಲಿ ಐದು ವರ್ಷಗಳೊಳಗೆ ತೀರಿಕೊಳ್ಳುವವರ ಪ್ರಮಾಣ ನೂರಕ್ಕೆ 30ರ ಸುಮಾರು. ಪಾದದ ಮೇಲ್ಗಡೆಯಿಂದ ಕಾಲನ್ನೇ ಕತ್ತರಿಸಿದವರಲ್ಲಿ ಅದು 56ನ್ನು ಮೀರುತ್ತದೆ. ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಐದು ವರ್ಷಗಳ ಮರಣಪ್ರಮಾಣ 31ರ ಆಸುಪಾಸಿನಲ್ಲಿದೆ. ಅಮೆರಿಕದ ಪಾದವೈದ್ಯ ಡೇವಿಡ್ ಆರ್ಮ್‌ಸ್ಟ್ರಾಂಗರೂ ಅವರ ಸಂಗಡಿಗರೂ 2020ರಲ್ಲಿ ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಕ್ಯಾನ್ಸರ್ ಎಂದೊಡನೆ ನೆಂಟರಿಷ್ಟರೆಲ್ಲ ಧಾವಿಸಿ ಬರುವ ನಾಡಿನಲ್ಲಿ ಅಂಗಾಲಿನ ಹುಣ್ಣನ್ನು ‘ಎರಡು ದಿನ ಅರಿಸಿನ ಹಚ್ಚಿ ನೋಡೋಣ’ ಎಂದು ತಳ್ಳಿಹಾಕುತ್ತಾರೆ.

ಹುಣ್ಣೇ ಅವರನ್ನು ಕೊಲ್ಲುತ್ತದೆಯೆ? ಬಹುಮಟ್ಟಿಗೆ ಇಲ್ಲ. ಅವರಲ್ಲಿ ಬಹುಸಂಖ್ಯಾತರು ಸಾಯುವುದು ಹೃದಯಾಘಾತದಿಂದ, ಪಾರ್ಶ್ವವಾಯುವಿನಿಂದ, ಮೂತ್ರಪಿಂಡಗಳ ವೈಫಲ್ಯದಿಂದ. ಪಾದದ ಧಮನಿಯನ್ನು ಕಿರಿದು ಮಾಡಿದ ರೋಗ ಹೃದಯದ ಧಮನಿಯನ್ನು ಬಿಟ್ಟಿರುವುದಿಲ್ಲ. ಪಾದದ ನರವನ್ನು ಕೊಂದ ಸಕ್ಕರೆ ಮೂತ್ರಪಿಂಡದ ಜಾಲರಿಯನ್ನು ಮುಟ್ಟದೆ ಇರುವುದಿಲ್ಲ. ಮನಸ್ಸೂ ಇದರಿಂದ ಹೊರತಲ್ಲ. ದಕ್ಷಿಣ ಲಂಡನ್ನಿನಲ್ಲಿ ಮೊದಲ ಬಾರಿಗೆ ಹುಣ್ಣಾದ ರೋಗಿಗಳನ್ನು 18 ತಿಂಗಳು ಗಮನಿಸಿದಾಗ, ಖಿನ್ನತೆಗೆ ಒಳಗಾಗಿದ್ದವರ ಮರಣಪ್ರಮಾಣ ಇತರರಿಗಿಂತ ಸುಮಾರು ಮೂರು ಪಟ್ಟು ಇದ್ದಿತು. ದುಡಿಯುವ ಯಜಮಾನ ತಿಂಗಳುಗಟ್ಟಲೆ ಮೂಲೆಯಲ್ಲಿ ಕಾಲು ಚಾಚಿ ಕುಳಿತು, ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳಲು ಇನ್ನೊಬ್ಬರ ಕೂಲಿ ತಪ್ಪಿಸಿ ಆಸ್ಪತ್ರೆಗೆ ಹೋಗಬೇಕಾದ ಮನೆಯಲ್ಲಿ ಖಿನ್ನತೆ ಹುಟ್ಟದಿದ್ದರೇ ಆಶ್ಚರ್ಯ.

ಆದರೆ ಈ ಅಂಕಿಗಳು ವಿಧಿಲಿಖಿತವಲ್ಲವೆಂಬುದಕ್ಕೆ ಪ್ರಮಾಣಗಳಿವೆ. 1922ರಲ್ಲಿ ಇನ್ಸುಲಿನ್ ಬಂದಮೇಲೆ ಮಧುಮೇಹಿಗಳು ಮೂರ್ಛೆಯಿಂದ ಸಾಯುವುದು ಕಡಮೆಯಾಗಿ, ಬದುಕಿ ಉಳಿದವರ ಕಾಲು ಕೊಳೆಯುವುದು ಹೆಚ್ಚಿತೆಂಬುದನ್ನು ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಕಂಡು, 1934ರಲ್ಲಿ ಅದನ್ನು ಕುರಿತು ಎಚ್ಚರಿಕೆಯ ಲೇಖನವನ್ನೇ ಬರೆದರು. ಇದು ದೈವಪ್ರೇರಿತವಲ್ಲ, ಮಾನವನ ಅಲಕ್ಷ್ಯದಿಂದ ಹುಟ್ಟುವಂಥದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಲುಂಡ್‌ನಲ್ಲಿ ಮಧುಮೇಹ ವೈದ್ಯರು, ಶಸ್ತ್ರವೈದ್ಯರು, ಪಾದಚಿಕಿತ್ಸಕರು, ಪಾದರಕ್ಷೆ ತಯಾರಿಸುವವರು, ದಾದಿಯರು ಎಲ್ಲರೂ ಒಂದೇ ಕೋಣೆಯಲ್ಲಿ ಒಂದೇ ಪಾದವನ್ನು ನೋಡುವ ವ್ಯವಸ್ಥೆ ಬಂದಮೇಲೆ, 1982ರಿಂದ 1993ರವರೆಗಿನ ಅವಧಿಯಲ್ಲಿ ದೊಡ್ಡ ಅಂಗಚ್ಛೇದಗಳ ಪ್ರಮಾಣ ನೂರಕ್ಕೆ 78ರಷ್ಟು ಇಳಿಯಿತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮೈಕೆಲ್ ಎಡ್ಮಂಡ್ಸ್ 1981ರಲ್ಲಿ ತೆರೆದ ಪಾದಚಿಕಿತ್ಸಾಲಯದ ಅನುಭವವೂ ಇದೇ ದಿಕ್ಕಿನದು. ನಮ್ಮಲ್ಲಿ ಚೆನ್ನೈಯ ರಾಯಪುರದ ಎಂ. ವಿ. ಮಧುಮೇಹ ಆಸ್ಪತ್ರೆ, ನಾಗಪುರದ ಶರದ್ ಪೆಂಡ್ಸೆಯವರು, ಬೆಂಗಳೂರಿನ ಕೆಲವು ಆಸ್ಪತ್ರೆಗಳು ಈ ದಾರಿಯಲ್ಲಿ ನಡೆದಿವೆ. ಒಬ್ಬ ವೈದ್ಯ, ಒಬ್ಬ ದಾದಿ ಎಂದು ಜೋಡಿಜೋಡಿಯಾಗಿ ತರಬೇತಿಗೊಳಿಸಿ ಊರೂರಿಗೆ ಕಳುಹಿಸುವ ಯೋಜನೆಯೊಂದು 2004ರ ಸುಮಾರಿಗೆ ಭಾರತದಲ್ಲಿಯೂ ತಾಂಜಾನಿಯಾದಲ್ಲಿಯೂ ಆರಂಭವಾಯಿತು. ಜಿಲ್ಲಾ ಕೇಂದ್ರದ ಆಚೆಗೆ ಪಾದವನ್ನೇ ನೋಡುವ ಚಿಕಿತ್ಸಾಲಯ ದೊರೆಯುವುದು ಮಾತ್ರ ಇನ್ನೂ ಅಪರೂಪ.

ನನಗೆ ಇವೆಲ್ಲಕ್ಕಿಂತಲೂ ಅರ್ಥವತ್ತಾಗಿ ತೋರುವುದು ಸ್ಕಾಟ್ಲೆಂಡಿನ ಎಡಿನ್‌ಬರದ ಒಂದು ವರದಿ. ಅಲ್ಲಿನ ಪಾದಚಿಕಿತ್ಸಾಲಯಕ್ಕೆ 1995ರಿಂದ 1999ರವರೆಗೆ ಬಂದ ರೋಗಿಗಳಲ್ಲಿ ಐದು ವರ್ಷಗಳೊಳಗೆ ತೀರಿಕೊಂಡವರು ನೂರಕ್ಕೆ 48. ಅನಂತರ ಆ ವೈದ್ಯರು, ಹುಣ್ಣಿನೊಡನೆ ಬಂದ ಪ್ರತಿಯೊಬ್ಬರನ್ನೂ ಹೃದ್ರೋಗಿಯೆಂದೇ ಭಾವಿಸಿ, ರಕ್ತದ ಕೊಬ್ಬನ್ನು ಇಳಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ರಕ್ತದೊತ್ತಡದ ಹತೋಟಿ ಇವನ್ನು ನಿಯಮದಂತೆ ಆರಂಭಿಸಿದರು. 2001ರಿಂದ 2004ರವರೆಗೆ ಬಂದವರಲ್ಲಿ ಐದು ವರ್ಷಗಳ ಮರಣಪ್ರಮಾಣ 26.8ಕ್ಕೆ ಇಳಿಯಿತು. ಕಾಲದೊಡನೆ ಇತರ ಚಿಕಿತ್ಸೆಗಳೂ ಉತ್ತಮಗೊಂಡಿದ್ದವಾದ್ದರಿಂದ ಇಳಿಕೆಯೆಲ್ಲವನ್ನೂ ಆ ಮಾತ್ರೆಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೂ ಅಂಗಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಡುವವನು ತನ್ನ ಹೃದಯ, ಮೂತ್ರಪಿಂಡ, ರಕ್ತದೊತ್ತಡಗಳ ವಿಚಾರವನ್ನು ಅದೇ ದಿನ ವೈದ್ಯರಲ್ಲಿ ಕೇಳತಕ್ಕದ್ದೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಬೀಡಿ ಸಿಗರೇಟಿನ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾಡತಕ್ಕ ಕೆಲಸಗಳು ಹೆಚ್ಚಿನವಲ್ಲ. ದಿನಕ್ಕೊಮ್ಮೆ ಪಾದವನ್ನು ತೊಳೆದು, ಬೆರಳ ಸಂದುಗಳನ್ನು ಒರಸಿ, ಅಂಗಾಲನ್ನು ನೋಡುವುದು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡುವುದು, ಕಣ್ಣು ಮಂದವಾಗಿದ್ದರೆ ಮನೆಯ ಇನ್ನೊಬ್ಬರಿಂದ ನೋಡಿಸುವುದು. ಚಪ್ಪಲಿಯೊಳಗೆ ಕಾಲಿಡುವ ಮೊದಲು ಕೈಯಾಡಿಸಿ ಕಲ್ಲು ಮೊಳೆ ಇದೆಯೇ ಎಂದು ಪರೀಕ್ಷಿಸುವುದು. ಇವುಗಳಿಗೆ ಬ್ರಾಂಡರು ಕಾರ್ವಿಲ್‌ನಲ್ಲಿ ಬಹುವಾಗಿ ನಂಬಿದ್ದ ಇನ್ನೊಂದನ್ನು ಸೇರಿಸಬಹುದು. ಚರ್ಮ ಬಾಯಿ ಬಿಡುವುದಕ್ಕೆ ಕೆಲವು ದಿನ ಮೊದಲೇ ಆ ಜಾಗ ಒಳಗಿನ ಉರಿಯೂತದಿಂದ ಬಿಸಿಯಾಗುತ್ತದೆ. ನೋವು ಹೇಳಬೇಕಾಗಿದ್ದುದನ್ನು ಬಿಸಿ ಹೇಳುತ್ತದೆ. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಹಿಂದೆ ಹುಣ್ಣಾಗಿದ್ದವರ ಕೈಗೆ ಚರ್ಮದ ತಾಪವನ್ನು ಅಳೆಯುವ ಸಣ್ಣ ಉಪಕರಣವನ್ನು ಕೊಟ್ಟು, ಎರಡು ಪಾದಗಳ ಅದೇ ಜಾಗವನ್ನು ದಿನವೂ ಹೋಲಿಸಿ ನೋಡಲು ಹೇಳಿ, 15 ತಿಂಗಳು ಗಮನಿಸಿದರು. ಅಳೆಯುತ್ತಿದ್ದವರಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಕಡಮೆ ಮಂದಿಗೆ ಮತ್ತೆ ಹುಣ್ಣಾಯಿತು. ಅಳೆಯದ ಗುಂಪುಗಳಲ್ಲಿ ನೂರಕ್ಕೆ 30ರ ಆಸುಪಾಸು. ಉಪಕರಣವಿಲ್ಲದವರು ಕೈಯ ಹಿಂಭಾಗದಿಂದ ಮುಟ್ಟಿ ನೋಡಬಹುದು, ಅದು ಅಷ್ಟು ನಿಖರವಲ್ಲವೆಂಬುದನ್ನು ತಿಳಿದಿದ್ದರೆ ಸಾಕು. ಒಂದು ಪಾದದ ಒಂದು ಜಾಗ ಇನ್ನೊಂದರ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿರುವುದು ಎರಡು ದಿನ ಸತತವಾಗಿ ಕಂಡುಬಂದರೆ, ಎರಡೂ ಮತ್ತೆ ಸಮವಾಗುವವರೆಗೆ ನಡೆದಾಟವನ್ನು ಕಡಮೆ ಮಾಡಿ, ವೈದ್ಯರಿಗೆ ತಿಳಿಸಬೇಕು. ಇಡೀ ಪಾದವೇ ಬಿಸಿಯಾಗಿ, ಕೆಂಪಗೆ ಊದಿಕೊಂಡಿದ್ದರಂತೂ ಹುಣ್ಣು ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಹೋಗುವಾಗ ಆ ಕಾಲನ್ನು ನೆಲಕ್ಕೆ ಊರಬಾರದು.